ಅಲುಗಾಡದ ಮೆಕ್ಯಾನಿಕಲ್ ಕೀಬೋರ್ಡ್: ಮುಂಬೈ, ಪುಣೆ, ಗೋವಾದಲ್ಲಿ ಕನ್ನಡ ಟೈಪ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಡೊಂಬಿವಲಿಯಲ್ಲಿ. ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಮಾಡುತ್ತೇನೆ. ಸಂದರ್ಶನದ ಆಡಿಯೋ ಕೇಳಿ ಬರೆದುಕೊಡುವುದು, ಸಬ್‌ಟೈಟಲ್, ಇನ್ನು ಹಬ್ಬದ ಸೀಸನ್ ಬಂತೆಂದರೆ ಕನ್ನಡ ಸಂಘಗಳ ಸ್ಮರಣ ಸಂಚಿಕೆ. ದಿನಕ್ಕೆ ಆರೇಳು ಗಂಟೆ ಇದೇ ಕೆಲಸ. ಹಾಗಾಗಿ ಪುಣೆಯ ಭಾವನಿಂದ ಹಿಡಿದು ವಾಸ್ಕೋದ ಗೆಳತಿಯವರೆಗೆ ಯಾರಿಗೆ ಕೀಬೋರ್ಡ್ ಬೇಕಾದರೂ ಫೋನ್ ನನಗೇ ಬರುತ್ತೆ. ಎಲ್ಲರದ್ದೂ ಹೆಚ್ಚುಕಡಿಮೆ ಅವೇ ಪ್ರಶ್ನೆ. ಒಂದು ಸಲ ಬರೆದಿಟ್ಟುಬಿಟ್ಟರೆ ನನಗೂ ಆರಾಮ.

ಮೆಕ್ಯಾನಿಕಲ್ ಕೀಬೋರ್ಡ್ ತಗೊಂಡರೆ ಸ್ಪೀಡ್ ಜಾಸ್ತಿ ಆಗುತ್ತಾ?

ಮೆಕ್ಯಾನಿಕಲ್ ಅಂದರೆ ಪ್ರತಿ ಕೀ ಕೆಳಗೂ ಸ್ಪ್ರಿಂಗ್ ಇರುವ ಒಂದೊಂದು ಸ್ವಿಚ್ ಇಟ್ಟ ಕೀಬೋರ್ಡ್. ಅದರಿಂದ ವೇಗ ತಾನಾಗಿ ಜಾಸ್ತಿ ಆಗೋದಿಲ್ಲ. ನಿಮಿಷಕ್ಕೆ 30 ಪದ ಹೊಡೆಯುವವರ ಕೈಗೆ ಎಷ್ಟೇ ದುಬಾರಿ ಕೀಬೋರ್ಡ್ ಕೊಟ್ಟರೂ ಮೊದಲ ವಾರ 28 ಆದೀತು ಅಷ್ಟೆ. ವೇಗ ಹೋಗುವುದು ಬೆರಳು ನಿಧಾನ ಅಂತಲ್ಲ, ತಪ್ಪು ತಿದ್ದೋದರಲ್ಲಿ. ಕನ್ನಡದಲ್ಲಂತೂ ಈ ದಂಡ ಇಂಗ್ಲಿಷಿಗಿಂತ ಜಾಸ್ತಿ. "ಮಾಡಿದ್ದೇನೆ" ಅನ್ನೋ ಒಂದೇ ಪದ ನೋಡಿ. ಕಣ್ಣಿಗೆ ನಾಲ್ಕೇ ಅಕ್ಷರ, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹತ್ತು ಕೀ ಒತ್ತಬೇಕು, ಅದರಲ್ಲಿ ಎರಡಕ್ಕೆ ಶಿಫ್ಟ್ ಬೇರೆ. "ದ್ದೇ" ಒಳಗೆ ಒಂದು ಕೀ ತಪ್ಪಿತು ಅಂತಿಟ್ಟುಕೊಳ್ಳಿ. ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲು ಏತ್ವ ಹೋಗುತ್ತೆ, ಆಮೇಲೆ ಒತ್ತು, ಆಮೇಲೆ ಅರ್ಧಾಕ್ಷರದ ಗುರುತು, ಒಂದೊಂದಾಗಿ ಬಿಚ್ಚುತ್ತಾ ಹೋಗಬೇಕು, ಮತ್ತೆ ಕಟ್ಟಬೇಕು. ಅಷ್ಟರಲ್ಲಿ ಆಡಿಯೋ ಎರಡು ವಾಕ್ಯ ಮುಂದೆ ಹೋಗಿರುತ್ತೆ.

ಅದಕ್ಕೇ ನಾನು ಯಾರು ಕೇಳಿದರೂ "ಫಾಸ್ಟ್ ಕೀಬೋರ್ಡ್ ಹುಡುಕಬೇಡಿ, ಅಲುಗಾಡದ್ದನ್ನ ಹುಡುಕಿ" ಅನ್ನೋದು.

ಅಲುಗಾಡಬಾರದು ಅಂದರೆ ಏನನ್ನ ನೋಡಬೇಕು?

ಮೊದಲನೆಯದು, ಕೀಬೋರ್ಡ್ ಮೇಜಿನ ಮೇಲೆ ಜಾರಬಾರದು, ನಡುವೆ ಒತ್ತಿದರೆ ಬಾಗಬಾರದು. ಇದಕ್ಕೆ ತೂಕ ಬೇಕು. ಪೂರ್ತಿ ಅಲ್ಯೂಮಿನಿಯಂ ಬಾಡಿ ಇರುವವು ಒಂದೂವರೆ ಕಿಲೋ ದಾಟುತ್ತವೆ, ಇಟ್ಟಲ್ಲಿಂದ ಕದಲೋದಿಲ್ಲ. ಹಾಗಂತ ಪ್ಲಾಸ್ಟಿಕ್ ಎಲ್ಲಾ ಕೆಟ್ಟದ್ದೇನಲ್ಲ. ಒಳಗೆ ಲೋಹದ ಪ್ಲೇಟ್ ಇದ್ದು, ಕೆಳಗೆ ಒಳ್ಳೆ ರಬ್ಬರ್ ಪಾದ ಇದ್ದರೆ ಸಾಕು. ಎರಡನೆಯದು, ಉದ್ದದ ಕೀಗಳು ಗಲಗಲ ಅನ್ನಬಾರದು. ಮೂರನೆಯದು, ಒಂದು ಸಲ ಒತ್ತಿದರೆ ಒಂದೇ ಅಕ್ಷರ ಬೀಳಬೇಕು. ಈ ಮೂರನೆಯದಕ್ಕೂ ನಮ್ಮ ಮಳೆಗಾಲಕ್ಕೂ ಒಂದು ಜಗಳ ಇದೆ, ಮುಂದೆ ಹೇಳುತ್ತೇನೆ.

ಅಂದ ಹಾಗೆ, ಮೇಜನ್ನೂ ಒಮ್ಮೆ ಅಲ್ಲಾಡಿಸಿ ನೋಡಿ. ನನ್ನ ಮೊದಲ "ಕೆಟ್ಟ ಕೀಬೋರ್ಡ್" ವಾಸ್ತವದಲ್ಲಿ ಮಡಚುವ ಮೇಜಿನ ಕುಂಟು ಕಾಲಾಗಿತ್ತು.

ನೀಲಿ, ಕಂದು, ಕೆಂಪು ಸ್ವಿಚ್ ಅಂತಾರಲ್ಲ, ಯಾವುದು?

ಈ ಬಣ್ಣದ ಪದ್ಧತಿ ಜರ್ಮನಿಯ ಚೆರ್ರಿ ಕಂಪನಿಯದ್ದು, 1980ರ ದಶಕದಲ್ಲಿ ಬಂದ ಅವರ ಎಂಎಕ್ಸ್ ಸ್ವಿಚ್‌ಗಳಿಂದ ಶುರುವಾಯಿತು. ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು ಎಲ್ಲರೂ ಅದೇ ಅಚ್ಚಿನಲ್ಲಿ ಮಾಡಲು ಶುರು ಮಾಡಿದರು, ಬಣ್ಣಗಳನ್ನೂ ಸುಮಾರಾಗಿ ಹಾಗೇ ಉಳಿಸಿಕೊಂಡರು. ಅದರಿಂದಲೇ ಇವತ್ತು ಎರಡು ಮೂರು ಸಾವಿರಕ್ಕೂ ಮೆಕ್ಯಾನಿಕಲ್ ಸಿಗುತ್ತಿರೋದು.

ಕೆಂಪು ಅಂದರೆ ಮೇಲಿಂದ ಕೆಳಗೆ ನುಣ್ಣಗೆ ಇಳಿಯುತ್ತೆ, ನಡುವೆ ಏನೂ ಗೊತ್ತಾಗೋದಿಲ್ಲ. ಚೆರ್ರಿ ಕೆಂಪಿಗೆ 45 ಗ್ರಾಂನಷ್ಟು ಬಲ ಸಾಕು. ಕಂದು ಸ್ವಲ್ಪ ಬಿಗಿ, 55ರ ಹತ್ತಿರ. ಅಕ್ಷರ ಬೀಳುವ ಜಾಗದಲ್ಲಿ ಬೆರಳಿಗೆ ಸಣ್ಣ ಉಬ್ಬು ಸಿಗುತ್ತೆ. ನೀಲಿಯಲ್ಲಿ ಉಬ್ಬಿನ ಜೊತೆ ಟಿಕ್ ಅನ್ನೋ ಸದ್ದೂ ಇದೆ, ಬಲ 60. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತೆ, ಆದರೆ ಅಕ್ಷರ ಅರ್ಧದಲ್ಲೇ, ಅಂದರೆ 2 ಮಿಲಿಮೀಟರ್ ಆಸುಪಾಸಿನಲ್ಲೇ ಬಿದ್ದಿರುತ್ತೆ. ಉಳಿದರ್ಧ ನೀವು ಸುಮ್ನೆ ನೆಲ ಗುದ್ದುತ್ತಿರುತ್ತೀರಿ.

ಹೊಸಬರಿಗೆ ನಾನು ಕಂದು ಹೇಳುತ್ತೇನೆ. ಕೈ ಪಳಗಿದವರಿಗೆ 50 ಗ್ರಾಂನ ಗೇಟೆರಾನ್ ಹಳದಿ, ನಾನು ಬಳಸುವುದೂ ಅದೇ. "ಸ್ಪೀಡ್" ಅಂತ ಹೆಸರಿಟ್ಟ ಬೆಳ್ಳಿ ಬಣ್ಣದ್ದು ಮಾತ್ರ ಟೈಪಿಂಗಿಗೆ ಬೇಡ. ಅದು 1.2 ಮಿಲಿಮೀಟರಿಗೇ ಅಕ್ಷರ ಬೀಳಿಸುತ್ತೆ. ಆಟಕ್ಕೆ ಸರಿ. ನಮಗೆ ಬೆರಳು ಸುಮ್ನೆ ಕೀ ಮೇಲೆ ಇಟ್ಟರೂ ಪರದೆ ಮೇಲೆ ಅಕ್ಷರ ಬಿದ್ದಿರುತ್ತೆ.

ಟೈಪ್‌ರೈಟರ್ ಕಲಿತು ಬಂದವರಿದ್ದರೆ ಅವರ ಕತೆ ಬೇರೆ. ನಮ್ಮ ಮಾವನವರು ವಿಕ್ರೋಲಿಯ ಗೋದ್ರೇಜ್ ಟೈಪ್‌ರೈಟರ್ ಮೇಲೆ ಕೈ ಕೂರಿಸಿಕೊಂಡವರು. ಭಾರತದಲ್ಲೇ ತಯಾರಾದ ಟೈಪ್‌ರೈಟರ್ 1955ರಲ್ಲಿ ಮೊದಲು ಹೊರಗೆ ತಂದದ್ದು ಆ ಕಂಪನಿಯೇ, ಅದನ್ನ ಅವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ನನ್ನ ಹಳದಿ ಸ್ವಿಚ್ ಮೇಲೆ ಅವರು ಒಂದು ಪತ್ರ ಟೈಪ್ ಮಾಡಿದರೆ ಪಕ್ಕದ ಲೋಟದ ನೀರು ಅಲ್ಲಾಡುತ್ತೆ. ಅವರಂಥವರಿಗೆ 60 ಗ್ರಾಂನ ಕಪ್ಪು ಅಥವಾ ನೀಲಿಯೇ ಸರಿ.

ಒಂದೇ ರೂಮಿನ ಮನೆ, ರಾತ್ರಿ ಕೆಲಸ. ಸದ್ದಿನ ಗತಿ?

ನೀಲಿ ತರಬೇಡಿ, ಮುಗೀತು. ನಾನು ತಂದಿದ್ದೆ. ಮೂರನೇ ರಾತ್ರಿಗೆ ಅತ್ತೆ ದಿಂಬು ತಗೊಂಡು ಅಡುಗೆಮನೆಗೆ ಹೋದರು, ಮಾತಿಲ್ಲ ಕತೆಯಿಲ್ಲ. ಆ ಮೌನ ಕಟಕಟ ಸದ್ದಿಗಿಂತ ಜೋರಾಗಿತ್ತು. ನಾಲ್ಕನೇ ದಿನ ಕೆಳಗಿನ ಮನೆ ಕಾಕೂ ಮೆಟ್ಟಿಲ ಹತ್ತಿರ ಸಿಕ್ಕಿ, "ರಾತ್ರೀ ಕಾಯ್ ಕುಟತಾ?" ಅಂತ ಕೇಳಿದರು. ರಾತ್ರಿ ಹೊತ್ತು ಏನು ಕುಟ್ಟುತ್ತೀರಿ ಅಂತ.

ಸೈಲೆಂಟ್ ಅಂತಲೇ ಬರುವ ಸ್ವಿಚ್‌ಗಳಿವೆ, ಒಳಗೆ ಪುಟ್ಟ ರಬ್ಬರ್ ಇರುತ್ತೆ, ಕೀ ಕೆಳಗೆ ತಾಗಿದಾಗಲೂ ಮೇಲೆ ಬಂದಾಗಲೂ ಸದ್ದು ನುಂಗುತ್ತೆ. ಕೆಳಗೊಂದು ದಪ್ಪ ಬಟ್ಟೆಯ ಮ್ಯಾಟ್ ಹಾಸಿ. ಅರ್ಧ ಸದ್ದು ಬರುವುದು ಮೇಜಿನಿಂದ, ಕೀಬೋರ್ಡಿನಿಂದಲ್ಲ.

ಸ್ಟೆಬಿಲೈಸರ್ ಅಂದರೇನು? ಅದಕ್ಕೇ ಯಾಕಷ್ಟು ಒತ್ತು ಕೊಡುತ್ತೀರಿ?

ಯಾಕೆಂದರೆ ಯಾರೂ ಇದನ್ನ ಕೇಳೋದಿಲ್ಲ, ಕೊನೆಗೆ ತಲೆನೋವಾಗುವುದು ಇದೇ.

ಮಾಮೂಲಿ ಅಕ್ಷರದ ಕೀ ಸುಮಾರು 19 ಮಿಲಿಮೀಟರ್ ಜಾಗ ತಗೊಳ್ಳುತ್ತೆ. ಅದರ ನಡುವೆ ಒಂದು ಸ್ವಿಚ್, ಸರಿಹೋಯ್ತು. ಸ್ಪೇಸ್‌ಬಾರ್ ಅದರ ಆರು ಕಾಲು ಪಟ್ಟು, ಅಂದರೆ 119 ಮಿಲಿಮೀಟರ್ ಉದ್ದ. ಅದಕ್ಕೂ ನಡುವೆ ಒಂದೇ ಸ್ವಿಚ್. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏತದಂತೆ ಮೇಲೇಳಬಾರದು ಅಂತ ಎರಡೂ ಕಡೆ ಸಣ್ಣ ಪ್ಲಾಸ್ಟಿಕ್ ಗೂಡು ಕೊಟ್ಟು, ಅವೆರಡನ್ನ ಒಂದು ಉಕ್ಕಿನ ತಂತಿಯಿಂದ ಜೋಡಿಸಿರುತ್ತಾರೆ. ಅದೇ ಸ್ಟೆಬಿಲೈಸರ್. ಎಡ ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲದರ ಕೆಳಗೂ ಇದೆ. ತಂತಿ ಒಂಚೂರು ಬಾಗಿದ್ದರೂ, ಗೂಡಿನಲ್ಲಿ ಸಡಿಲ ಇದ್ದರೂ ಪ್ರತಿ ಪದದ ಕೊನೆಗೆ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಸದ್ದು ಸಹಿಸಬಹುದು. ಆದರೆ ಹೆಬ್ಬೆರಳು ತುದಿಯಲ್ಲಿ ಬಿದ್ದಾಗ ಸ್ಪೇಸ್ ಬೀಳದೇ ಎರಡು ಪದ ಅಂಟಿಕೊಳ್ಳುತ್ತವಲ್ಲ, ಅದು ಕೆಲಸ ಕೆಡಿಸುತ್ತೆ.

ಸರಿಪಡಿಸುವುದು ಕಷ್ಟವೇನಿಲ್ಲ. ಸ್ಪೇಸ್‌ಬಾರ್ ಕೀಕ್ಯಾಪ್, ಅಂದರೆ ಬೆರಳಿಗೆ ತಾಗುವ ಮೇಲಿನ ಟೋಪಿ, ನಿಧಾನವಾಗಿ ಎರಡೂ ತುದಿಯಿಂದ ಎತ್ತಿ. ತಂತಿ ಕಾಣುತ್ತೆ, ಅಮ್ಮನ ಕಾಲದ ಉದ್ದ ಹೇರ್‌ಪಿನ್ನಿನ ಹಾಗೆ. ಅದನ್ನ ಬಿಚ್ಚಿ ಕನ್ನಡಿ ಮೇಲೆ ಮಲಗಿಸಿ ಒಂದು ತುದಿ ಬೆರಳಲ್ಲಿ ತಟ್ಟಿ. ಇನ್ನೊಂದು ತುದಿ ಕುಣಿದರೆ ತಂತಿ ತಿರುಚಿದೆ ಅಂತ ಅರ್ಥ, ಕೈಯಲ್ಲೇ ಚೂರು ಚೂರು ನೇರ ಮಾಡಿ. ತಂತಿಯ ತುದಿಗಳು ಗೂಡಿನೊಳಗೆ ಹೋಗುವ ಕಡೆ ಸಿಲಿಕೋನ್ ಗ್ರೀಸ್ ಹಚ್ಚಿ. ಎಷ್ಟು? ಕಡ್ಡಿಯ ಮೊನೆಗೆ ಅಂಟುವಷ್ಟು. ಜಾಸ್ತಿಯಾದರೆ ಕೀ ಹಿಟ್ಟಿನಲ್ಲಿ ಸಿಕ್ಕ ಹಾಗೆ ನಿಧಾನವಾಗಿ ಮೇಲೇಳುತ್ತೆ. ಕೊಬ್ಬರಿ ಎಣ್ಣೆ ಹಾಕಿದವರೊಬ್ಬರನ್ನ ನಾನು ಬಲ್ಲೆ. ದಯವಿಟ್ಟು ಬೇಡ, ಧೂಳು ಹಿಡಿದು ಅಂಟಾಗುತ್ತೆ, ಇರುವೆ ಬೇರೆ.

ಕೊಳ್ಳುವಾಗ ಸ್ಕ್ರೂ ಹಾಕಿ ಒಳಗಿನ ಸರ್ಕ್ಯೂಟ್ ಬೋರ್ಡಿಗೇ ಬಿಗಿಯುವ ಸ್ಟೆಬಿಲೈಸರ್ ಇದೆಯಾ ಕೇಳಿ. ಪ್ಲೇಟಿಗೆ ಸುಮ್ನೆ ಸಿಕ್ಕಿಸಿರುವುದಕ್ಕಿಂತ ಅದು ಗಟ್ಟಿ.

ನುಡಿ ಬಳಸುತ್ತೇನೆ. ಕೀಬೋರ್ಡ್ ಆರಿಸುವಾಗ ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಾ?

ಬಹಳ ಆಗುತ್ತೆ. ನುಡಿಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದರೆ ಯಾವ ಅಕ್ಷರ ಯಾವ ಕೀಗೆ ಅಂತ ಅವರು ಮಾಡಿಟ್ಟ ಹೊಂದಿಕೆಯಲ್ಲಿ, ದೀರ್ಘ ಸ್ವರಗಳು, ಮಹಾಪ್ರಾಣಗಳು, ಣ, ಳ ಎಲ್ಲಾ ಶಿಫ್ಟ್ ಜೊತೆಗೆ. ಕನ್ನಡದಲ್ಲಿ ಒಂದು "ಗಳು" ಇಲ್ಲದ ವಾಕ್ಯ ಹುಡುಕಿ ನೋಡೋಣ! ಪ್ರತಿ "ಗಳು"ವಿಗೂ ಎಡ ಶಿಫ್ಟ್ ಹಿಡಿದು ಬಲಗೈಯಲ್ಲಿ ಎಲ್ ಒತ್ತಬೇಕು. ಪ್ರತಿ ಆಕಾರದ ದೀರ್ಘಕ್ಕೆ ಬಲ ಶಿಫ್ಟ್ ಹಿಡಿದು ಎಡಗೈಯ ಕಿರುಬೆರಳು. ಇಂಗ್ಲಿಷ್ ಟೈಪ್ ಮಾಡುವವರು ವಾಕ್ಯಕ್ಕೊಮ್ಮೆ ಶಿಫ್ಟ್ ಮುಟ್ಟಿದರೆ ನಾವು ಪದಕ್ಕೊಮ್ಮೆ ಮುಟ್ಟುತ್ತೇವೆ. ಹಾಗಾಗಿ ಎರಡೂ ಶಿಫ್ಟ್ ಸರಿ ಇರಬೇಕು, ಯಾವ ಮೂಲೆಯಲ್ಲಿ ಒತ್ತಿದರೂ ಇಳಿಯಬೇಕು. 65 ಪರ್ಸೆಂಟ್ ಅಂತ ಕರೆಯುವ ಪುಟ್ಟ ಕೀಬೋರ್ಡ್‌ಗಳಲ್ಲಿ ಬಾಣದ ಗುರುತಿನ ಕೀಗೆ ಜಾಗ ಮಾಡಲು ಬಲ ಶಿಫ್ಟನ್ನ ಮೊಟಕು ಮಾಡಿರುತ್ತಾರೆ. ನಿಮ್ಮ ಕಿರುಬೆರಳು ಹಳೇ ಅಭ್ಯಾಸದಲ್ಲಿ ಬಾಣದ ಮೇಲೆ ಬೀಳುತ್ತೆ, ಕರ್ಸರ್ ಮೇಲಿನ ಸಾಲಿಗೆ ಹಾರುತ್ತೆ. ನನಗೆ ಆ ಚಟ ಬಿಡಲು ಒಂದು ತಿಂಗಳು ಹಿಡಿಯಿತು.

ಇನ್ನೊಂದು, ಎಫ್ ಕೀ. ಒತ್ತಕ್ಷರಕ್ಕೆಲ್ಲಾ ಅದೇ ಬೇಕು. ಅಮ್ಮ, ಅಪ್ಪ, ಅಕ್ಕ, ಯಾರನ್ನ ಕರೆದರೂ ಎಫ್. ನನ್ನ ಕೀಬೋರ್ಡಿನಲ್ಲಿ ಮೊದಲು ನುಣುಪಾಗಿ ಹೊಳೆಯಲು ಶುರುವಾದದ್ದು ಅದೇ. ಎಬಿಎಸ್ ಪ್ಲಾಸ್ಟಿಕ್ಕಿನ ಕೀಕ್ಯಾಪ್ ಹೀಗೆ ಬೇಗ ಸವೆದು ಜಾರುತ್ತೆ, ಪಿಬಿಟಿ ಆದರೆ ಒರಟುತನ ತುಂಬಾ ದಿನ ಉಳಿಯುತ್ತೆ. ಪಿಬಿಟಿಯೇ ಕೇಳಿ.

ಮರಾಠಿ, ಕನ್ನಡ ಎರಡೂ ಟೈಪ್ ಮಾಡಬೇಕು. ಎರಡು ವಿನ್ಯಾಸ ಕಲಿಯಬೇಕಾ?

ಬೇಡ. ಇನ್‌ಸ್ಕ್ರಿಪ್ಟ್ ಕಲಿಯಿರಿ. ಭಾರತದ ಲಿಪಿಗಳ ವರ್ಣಮಾಲೆ ಒಂದೇ ಕ್ರಮದ್ದು ಅಂತ ಹಿಡಿದು ಮಾಡಿದ ವಿನ್ಯಾಸ ಅದು. ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ. ಕನ್ನಡದ ಕ ಎಲ್ಲಿದೆಯೋ ದೇವನಾಗರಿಯ ಕ ಕೂಡ ಅಲ್ಲೇ. ವಿಂಡೋಸ್‌ನಲ್ಲಿ ಭಾಷೆ ಬದಲಿಸಿದರೆ ಸಾಕು, ಬೆರಳು ಬದಲಿಸಬೇಕಿಲ್ಲ. ಪುಣೆಯ ಸಿ-ಡ್ಯಾಕ್ ಅನ್ನೋ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಇದನ್ನ ಬೆಳೆಸಿದ್ದು, ಅಂದರೆ ಇದು ನಿಮ್ಮೂರಿನ ಸರಕೇ. ನಾನು ನುಡಿಗೆ ಒಗ್ಗಿಹೋದವಳು, ಈಗ ಬದಲಾಗಲಾರೆ. ಆದರೆ ಮಗಳಿಗೆ ಇನ್‌ಸ್ಕ್ರಿಪ್ಟೇ ಕಲಿಸುತ್ತಿದ್ದೇನೆ. ಇಲ್ಲೂ ಅ, ಆ, ಇ ಇಂಥ ಪೂರ್ಣ ಸ್ವರಗಳಿಗೆ, ಮಹಾಪ್ರಾಣಗಳಿಗೆ ಶಿಫ್ಟ್ ಬೇಕು, ಹಾಗಾಗಿ ಮೇಲಿನ ಮಾತೆಲ್ಲ ಇದಕ್ಕೂ ಸರಿ.

ಕನ್ನಡ ಅಕ್ಷರ ಅಚ್ಚಾಗಿರುವ ಕೀಕ್ಯಾಪ್ ಬೇಕಾ?

ಬೇಡ. ನೋಡಿ ಒತ್ತುವವರೆಗೂ ವೇಗ ಬರೋದಿಲ್ಲ.

1000 ಹರ್ಟ್ಸ್, 1 ಮಿಲಿಸೆಕೆಂಡ್ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತಲ್ಲ?

ಲೆಕ್ಕ ಹಾಕೋಣ. ನಿಮಿಷಕ್ಕೆ 60 ಪದ, ಪದಕ್ಕೆ 5 ಒತ್ತು ಅಂತ ಹಿಡಿದರೆ 300 ಒತ್ತು, ಸೆಕೆಂಡಿಗೆ 5. ಅಂದರೆ ಎರಡು ಒತ್ತಿನ ನಡುವೆ 200 ಮಿಲಿಸೆಕೆಂಡ್ ಇದೆ. 1000 ಹರ್ಟ್ಸ್ ಕೀಬೋರ್ಡ್ 1 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಮುಟ್ಟಿಸುತ್ತೆ, ಹಳೇ 125 ಹರ್ಟ್ಸಿನದ್ದು 8ಕ್ಕೊಮ್ಮೆ. 200ರ ಎದುರು 1 ಆದರೇನು, 8 ಆದರೇನು? ಆಟ ಆಡುವವರು ತಲೆಕೆಡಿಸಿಕೊಳ್ಳಲಿ.

ಒಂದನ್ನ ಮಾತ್ರ ನೋಡಿ. ವೇಗವಾಗಿ ಹೊಡೆಯುವಾಗ ಮೊದಲ ಕೀ ಬಿಡುವ ಮುಂಚೆ ಎರಡನೆಯದು ಇಳಿದಿರುತ್ತೆ, ಕೆಲವೊಮ್ಮೆ ಮೂರನೆಯದೂ. ಆರು ಕೀ ಒಟ್ಟಿಗೆ ಒತ್ತಿದರೂ ಗುರುತಿಸುವಂಥದ್ದಾದರೆ ಧಾರಾಳವಾಯ್ತು.

ವೈರ್‌ಲೆಸ್ ತಗೊಳ್ಳಲಾ?

ಲೋಕಲ್‌ನಲ್ಲಿ ಬ್ಯಾಗಿಗೆ ಹಾಕಿಕೊಂಡು ಆಫೀಸು ಮನೆ ಅಂತ ಓಡಾಡುವವರಾದರೆ ತಗೊಳ್ಳಿ, ಆದರೆ ವೈರ್ ಕೂಡ ಹಾಕಲು ಬರುವಂಥದ್ದೇ ಇರಲಿ. ಬ್ಲೂಟೂತ್ ಕೀಬೋರ್ಡ್ ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಿದ್ದೆಗೆ ಜಾರುತ್ತೆ, ಎಬ್ಬಿಸಲು ಒತ್ತಿದ ಮೊದಲ ಒಂದೆರಡು ಕೀ ಎಷ್ಟೋ ಸಲ ಕಳೆದೇ ಹೋಗುತ್ತೆ. ಆಡಿಯೋ ಕೇಳಿ, ನಿಲ್ಲಿಸಿ, ಟೈಪ್ ಮಾಡುವ ನನ್ನಂಥವರಿಗೆ ಇದು ದಿನಕ್ಕೆ ನೂರು ಸಲದ ಕಿರಿಕಿರಿ. ಕೂತಲ್ಲೇ ಕೆಲಸ ಅನ್ನುವವರಿಗೆ ವೈರೇ ವಾಸಿ.

ಮಳೆಗಾಲದಲ್ಲಿ ಒಂದು ಸಲ ಒತ್ತಿದರೆ ಎರಡು ಅಕ್ಷರ ಬೀಳುತ್ತಿದೆ. ಏನು ಮಾಡಲಿ?

ಬಂತು ನೋಡಿ ಜಗಳ. ಎರಡು ವರ್ಷದ ಹಿಂದೆ ಜುಲೈಯಲ್ಲಿ ನನಗೂ ಇದೇ ಆಯಿತು. ಒಂದು ಆತ್ಮಕಥನದ ಕೆಲಸ, 40 ಪುಟ ಕಳಿಸಿದ್ದೆ. ಅವರಿಂದ ಫೋನ್ ಬಂತು, "ಏನ್ರೀ ಇದು, ಎಲ್ಲಾ ಕಡೆ ಅವನನು, ಅವನನು ಅಂತಿದೆ?" ಎನ್ ಕೀ ಒಂದಕ್ಕೆ ಎರಡು ಬೀಳಿಸುತ್ತಿತ್ತು. ಇಂಗ್ಲಿಷಾಗಿದ್ದರೆ ಕೆಂಪು ಗೆರೆ ಬಂದು ಗೊತ್ತಾಗುತ್ತಿತ್ತು. ನನ್ನ ಕನ್ನಡ ಫೈಲಿನಲ್ಲಿ ಆ ಗೆರೆ ಇರಲಿಲ್ಲ, ನಾನೂ ನೋಡಿರಲಿಲ್ಲ. ರಾತ್ರಿಯಿಡೀ ಕೂತು ತಿದ್ದಿದೆ.

ಕಾರಣ ಇಷ್ಟೇ. ಸ್ವಿಚ್ ಒಳಗೆ ಎರಡು ಲೋಹದ ಎಲೆಗಳು ತಾಗಿದಾಗ ಅಕ್ಷರ ಬೀಳುತ್ತೆ. ತಾಗುವಾಗ ಒಂದೆರಡು ಸಲ ಪುಟಿಯುವುದು ಸಹಜ, ಕೀಬೋರ್ಡಿನ ಚಿಪ್ ಕೆಲವು ಮಿಲಿಸೆಕೆಂಡ್ ಕಾದು ಆ ಪುಟಿತವನ್ನ ಒಂದೇ ಒತ್ತು ಅಂತ ಲೆಕ್ಕ ಹಿಡಿಯುತ್ತೆ. ತೇವಕ್ಕೆ ಲೋಹದ ಮೇಲೆ ಕಿಲುಬು ಬಂದರೆ, ಇಲ್ಲಾ ಧೂಳು ಕೂತರೆ ಪುಟಿಯುವುದು ಜಾಸ್ತಿಯಾಗಿ ಆ ಲೆಕ್ಕ ತಪ್ಪುತ್ತೆ. ಸಮುದ್ರದ ಉಪ್ಪುಗಾಳಿ ಇದ್ದರಂತೂ ಕೇಳಲೇಬೇಡಿ, ವಾಸ್ಕೋದ ಗೆಳತಿಯ ಕೀಬೋರ್ಡಿನಲ್ಲಿ ಸ್ಟೆಬಿಲೈಸರ್ ತಂತಿಗೂ ತುಕ್ಕು ಹಿಡಿದಿತ್ತು. ಚೆರ್ರಿ ಸ್ವಿಚ್‌ಗಳಲ್ಲಿ ತಾಗುವ ಬಿಂದುವಿಗೆ ಚಿನ್ನ ಬಳಸುವುದು ಈ ಕಿಲುಬಿಗೆ ಹೆದರಿಯೇ.

ಅದಕ್ಕೇ ನಮ್ಮ ಕರಾವಳಿಯಲ್ಲಿ ಹಾಟ್‌ಸ್ವಾಪ್ ಇರುವ ಕೀಬೋರ್ಡನ್ನೇ ಕೊಳ್ಳಿ ಅನ್ನುವುದು. ಸ್ವಿಚ್ಚನ್ನ ಚಿಮಟದಲ್ಲಿ ಕಿತ್ತು ಹೊಸದು ಸಿಕ್ಕಿಸಿದರೆ ಆಯ್ತು, ಬೆಸುಗೆ ಬೇಡ, ರಿಪೇರಿಯವರು ಬೇಡ. ಜೊತೆಗೆ ಹತ್ತು ಸ್ವಿಚ್ ಜಾಸ್ತಿ ತಗೊಂಡಿಡಿ. ಹೊಸದು ಸಿಗುವ ತನಕ ನಾನು ಸ್ಕ್ರಾಲ್ ಲಾಕ್ ಕೀಯ ಸ್ವಿಚ್ ಕಿತ್ತು ಎನ್‌ಗೆ ಹಾಕಿಕೊಂಡಿದ್ದೆ, ಸ್ಕ್ರಾಲ್ ಲಾಕ್ ಯಾರಿಗೆ ಬೇಕು? ಕಾಲಿನ ಎಣಿಕೆ ಮಾತ್ರ ನೋಡಿಕೊಳ್ಳಿ. 3 ಕಾಲಿನ ಸ್ವಿಚ್ 5 ತೂತಿನ ಬೋರ್ಡಿಗೆ ಹೋಗುತ್ತೆ. 5 ಕಾಲಿನದ್ದು 3 ತೂತಿಗೆ ಹೋಗಬೇಕಾದರೆ ಎರಡು ಪ್ಲಾಸ್ಟಿಕ್ ಕಾಲನ್ನ ಕತ್ತರಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಮುಗಿದ ಮೇಲೆ ಬಟ್ಟೆ ಮುಚ್ಚಿಡಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಜೊತೆಗಿಡಿ. ಮ್ಯಾಗ್ನೆಟ್ ಇರುವ ಹಾಲ್ ಎಫೆಕ್ಟ್ ಸ್ವಿಚ್‌ಗಳಲ್ಲಿ ಲೋಹ ಲೋಹಕ್ಕೆ ತಾಗೋದೇ ಇಲ್ಲ, ಈ ರೋಗ ಅವಕ್ಕಿಲ್ಲ. ಬೆಲೆ ಜಾಸ್ತಿ ಅಷ್ಟೆ.

ಎಲ್ಲಿ ಕೊಳ್ಳಲಿ? ಅಂಗಡಿಯಲ್ಲಿ ಹೇಗೆ ಪರೀಕ್ಷೆ ಮಾಡಲಿ?

ಆನ್‌ಲೈನ್‌ನಲ್ಲಿ ಅಗ್ಗ, ಒಪ್ಪುತ್ತೇನೆ. ಆದರೂ ಮೊದಲ ಕೀಬೋರ್ಡ್ ಮುಟ್ಟಿ ನೋಡಿ ತಗೊಳ್ಳಿ. ಮುಂಬೈಯವರು ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆಯಿರಿ. ಮಧ್ಯಾಹ್ನದ ಹೊತ್ತು ಹೋದರೆ ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿರುತ್ತೆ. "ಭಾಊ, ಜರಾ ಉಘಡೂನ್ ದಾಖವಾ" ಅಂತ ಹೇಳಿ ಪೆಟ್ಟಿಗೆ ಬಿಚ್ಚಿಸಿ. ಬಿಚ್ಚೋದಿಲ್ಲ ಅಂದರೆ ಮುಂದಿನ ಅಂಗಡಿ.

ಕೈಗೆ ಬಂದ ಕೂಡಲೇ ಎರಡು ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ಮೆಲ್ಲಗೆ ತಿರುಚಿ. ಕಿರ್ರ್ ಅಂದರೆ ಕೆಳಗಿಡಿ. ಕೌಂಟರ್ ಮೇಲಿಟ್ಟು ಮೂಲೆಗಳನ್ನ ಒತ್ತಿ, ಕುಂಟಬಾರದು. ಸ್ಪೇಸ್‌ಬಾರಿನ ಎಡ ತುದಿ, ಬಲ ತುದಿ, ನಡು ಮೂರನ್ನೂ ಹೆಬ್ಬೆರಳಲ್ಲಿ ಹೊಡೆದು ಸದ್ದು ಕೇಳಿ, ಮೂರೂ ಒಂದೇ ತರಹ ಇರಬೇಕು. ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್‌ಗೂ ಹಾಗೇ. ಆಮೇಲೆ ಕಂಪ್ಯೂಟರಿಗೆ ಹಾಕಿಸಿ ಕಣ್ಣು ಮುಚ್ಚಿ ನಿಮ್ಮ ವಿಳಾಸ ಎರಡು ಸಲ ಟೈಪ್ ಮಾಡಿ. ಬಣ್ಣಬಣ್ಣದ ದೀಪ ಹೊತ್ತಿಸಿ ತೋರಿಸುತ್ತಾರೆ, ತೋರಿಸಲಿ ಪಾಪ.

ಪುಣೆಯವರಿಗೆ ಗ್ರೀಸು, ಕ್ಲೀನರ್ ಸ್ಪ್ರೇ ಬೇಕಾದರೆ ತಾಪ್ಕೀರ್ ಗಲ್ಲಿ ಇದ್ದೇ ಇದೆ.

ಎಷ್ಟು ದುಡ್ಡು ಹಾಕಬೇಕು?

ನಾನು ಕೊಳ್ಳುವಾಗ ಕಂಡಂತೆ ಮೂರರಿಂದ ಐದು ಸಾವಿರದೊಳಗೆ ಹಾಟ್‌ಸ್ವಾಪ್, ಪಿಬಿಟಿ ಕೀಕ್ಯಾಪ್ ಎರಡೂ ಇರುವ ಪ್ಲಾಸ್ಟಿಕ್ ಬಾಡಿಯ ಕೀಬೋರ್ಡ್ ಸಿಗುತ್ತೆ. ಅದಕ್ಕೆ ಗ್ರೀಸ್ ಹಚ್ಚಿಕೊಂಡರೆ ಹತ್ತು ಸಾವಿರದ್ದರ ಮುಕ್ಕಾಲು ಸುಖ. ಇನ್ನೂ ಕಡಿಮೆಗೆ ಗಟ್ಟಿಮುಟ್ಟಾಗಿರಬೇಕು, ಚಂದ ಬೇಡ ಅಂದರೆ ಬಿಲ್ಲಿಂಗ್ ಕೌಂಟರ್‌ಗಳಲ್ಲಿ ಕಾಣುವ ಟಿವಿಎಸ್ ಗೋಲ್ಡ್ ಇದೆ. 104 ಕೀ, ಕಟಕಟ ಸದ್ದು, ಹಳೇ ಅಂಬಾಸಿಡರ್ ಕಾರಿನ ಹಾಗೆ. ಮನೆಯಲ್ಲಿ ಅತ್ತೆ ಇದ್ದರೆ ಮೇಲೆ ಬರೆದದ್ದು ನೆನಪಿರಲಿ.

ಮಣಿಕಟ್ಟು ನೋಯುತ್ತಿದೆ, ಕೀಬೋರ್ಡ್ ಕಾರಣವಾ?

ಇರಬಹುದು. ಮೆಕ್ಯಾನಿಕಲ್‌ಗಳು ಲ್ಯಾಪ್‌ಟಾಪಿಗಿಂತ ತುಂಬಾ ಎತ್ತರ. ಹಿಂದಿನ ಕಾಲು ಬಿಚ್ಚಿ ಇನ್ನೂ ಎತ್ತರಿಸಬೇಡಿ, ಮಡಚಿಡಿ. ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರುವಂತೆ ಕುರ್ಚಿ ಎತ್ತರಿಸಿ, ಮಣಿಕಟ್ಟು ಮೇಲಕ್ಕೆ ಬಾಗದಿರಲಿ. ನಾನು ಮೊದಮೊದಲು ಹಳೇ ಸೀರೆ ಮಡಚಿ ಮುಂದಿಟ್ಟುಕೊಳ್ಳುತ್ತಿದ್ದೆ, ಈಗ ಮರದ ಹಲಗೆ ಮಾಡಿಸಿದ್ದೇನೆ. ನೋವು ವಾರ ದಾಟಿದರೆ, ಬೆರಳು ಜೋಮು ಹಿಡಿದರೆ ಡಾಕ್ಟರ್ ಹತ್ತಿರ ಹೋಗಿ, ನನಗೆ ಫೋನ್ ಮಾಡಬೇಡಿ.

ಮಗ ಸರ್ಕಾರಿ ಟೈಪಿಂಗ್ ಪರೀಕ್ಷೆಗೆ ಕೂರುತ್ತಿದ್ದಾನೆ. ಅವನಿಗೆ ಒಂದು ಕೊಡಿಸಲಾ?

ಪರೀಕ್ಷೆ ಮುಗಿಯಲಿ. ಪುಣೆಯ ಪರೀಕ್ಷಾ ಪರಿಷತ್ತಿನ ನಿಮಿಷಕ್ಕೆ 30, 40 ಪದಗಳ ಪರೀಕ್ಷೆಗೆ ಕೂತಾಗ ಅಲ್ಲಿ ಎಂಥ ಕೀಬೋರ್ಡ್ ಸಿಗುತ್ತೋ ಅವನ ಕೈಯಲ್ಲಿಲ್ಲ. ಮನೆಯಲ್ಲಿ ಬೆಣ್ಣೆಯಂಥ ಸ್ವಿಚ್ ಮೇಲೆ ಅಭ್ಯಾಸ ಮಾಡಿ, ಅಲ್ಲಿ ರಬ್ಬರ್ ಕೀ ಸಿಕ್ಕರೆ ಬೆರಳು ಅರ್ಧಕ್ಕೇ ನಿಲ್ಲುತ್ತೆ, ಅಕ್ಷರ ಬೀಳೋದಿಲ್ಲ. ಅಲ್ಲಿಯವರೆಗೆ ನಾನೂರು ರೂಪಾಯಿಯ ಮಾಮೂಲಿ ಕೀಬೋರ್ಡೇ ಇರಲಿ. ಪಾಸಾದ ಮೇಲೆ ಕರೆದುಕೊಂಡು ಬನ್ನಿ, ಲ್ಯಾಮಿಂಗ್ಟನ್ ರೋಡಿಗೆ ನಾನೇ ಜೊತೆ ಬರುತ್ತೇನೆ.